ಫೋನ್ ಆರ್ಡರ್‌ಗೂ ಒಂದು ಮೇಲ್ ಇರಲಿ

ಎಲ್ಲರಿಗೂ ನಮಸ್ಕಾರ. ಮೆಷಿನ್ ಬಿಡಿಭಾಗ ಮಾಡುವ ಪೀಣ್ಯದ ನಮ್ಮ ಸಣ್ಣ ಯೂನಿಟ್‌ಗಳಿಗೆ ಆರ್ಡರ್ ಜಾಸ್ತಿ ಫೋನ್‌ನಲ್ಲೇ ಬರುತ್ತದೆ. ದಯವಿಟ್ಟು ಫೋನ್ ಇಟ್ಟ ಕೂಡಲೇ ಒಂದು ಮೇಲ್ ಹಾಕಿ: "ಈಗ ಮಾತಾಡಿದಂತೆ 500 ಬುಷ್, ಡ್ರಾಯಿಂಗ್ ರಿವಿಷನ್ 2, ದರ ಇಷ್ಟು, ಹಣ 30 ದಿನದಲ್ಲಿ. ಸರಿಯಿದ್ದರೆ ಓಕೆ ಅಂತ ಉತ್ತರಿಸಿ." ಇಷ್ಟು ಸಾಕು. ಹಳೇ ಡ್ರಾಯಿಂಗ್ ನೋಡಿ ಮಾಡಿದ ಮಾಲು ರಿಜೆಕ್ಟ್ ಆದರೆ ನಷ್ಟ ನಮಗೇ ಅಲ್ವಾ?

ಹಣ ವಸೂಲಿಗೂ ಇದು ಬೇಕು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ, ಮಾಲು ಒಪ್ಪಿಕೊಂಡ ಮೇಲೆ ಪಾವತಿ 45 ದಿನ ದಾಟುವಂತಿಲ್ಲ. ಬರಹದಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ (ಸರ್ಕಾರದ ಎಂಎಸ್‌ಎಂಇ ನೋಂದಣಿ) ಇದ್ದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ರಿಜೆಕ್ಷನ್ ತಗ್ಗಿಸುವಂಥ ಕೆಲಸ ಎಲ್ಲವನ್ನೂ ನಾವೇ ಕಲಿತು ಮಾಡಬೇಕಿಲ್ಲ. ರಾಜಾಜಿನಗರದ ಎಂಎಸ್‌ಎಂಇ ಅಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಹೊರಗಿನ ಕನ್ಸಲ್ಟೆಂಟ್ ಕರೆಸುವುದಾದರೆ ಸುಮ್ನೆ "ಎಲ್ಲ ಸರಿಮಾಡಿ" ಎನ್ನಬೇಡಿ. ಯಾವ ಮೆಷಿನ್‌ನಲ್ಲಿ ರಿಜೆಕ್ಷನ್ ಜಾಸ್ತಿ, ಎಷ್ಟು ದಿನದಲ್ಲಿ ಏನಾಗಬೇಕು, ಫೀಸ್ ಎಷ್ಟು ಅಂತ ಮೊದಲೇ ಬರೆದುಕೊಡಿ. ನಮ್ಮ ಕಡೆಯ ಒಬ್ಬ ಆಪರೇಟರ್ ಅವರ ಜೊತೆಗೇ ನಿಂತು ಕಲಿಯಲಿ. ಅವರು ಹೋದ ಮೇಲೂ ಕೆಲಸ ನಡೆಯಬೇಕಲ್ಲ.

ಮೇಲ್‌ನ ನಮೂನೆ ಬೇಕಾದವರು ಇಲ್ಲೇ ಹೇಳಿ, ಕಳಿಸುತ್ತೇನೆ.