ಮದುವೆಗೆ ಮುಂಚಿನ ಮಿಸ್ ಹ್ಯಾವಿಶಮ್

ಪ್ರಿಯ ಗೆಳೆಯಾ,

ಫೋನಿನಲ್ಲಿ ನೀನು ನಕ್ಕೆಯಲ್ಲ, ಅದಕ್ಕೇ ಈ ಪತ್ರ. ಬಿಬಿಸಿಯ ‘ಡಿಕನ್ಸಿಯನ್’ ಧಾರಾವಾಹಿ ನೋಡುತ್ತಿದ್ದೇನೆ ಎಂದರೆ, ಡಿಕನ್ಸ್‌ನ ಬೇರೆ ಬೇರೆ ಕಾದಂಬರಿಗಳ ಪಾತ್ರಗಳನ್ನು ಒಂದೇ ಬೀದಿಗೆ ತಂದು ಬಿಡುವುದು ನಮ್ಮ ಟಿ.ವಿ. ಧಾರಾವಾಹಿಗಳ ‘ಮಹಾಸಂಗಮ’ವೇ ಸರಿ ಎಂದು ನೀನು ಹೇಳಿದೆ. ಒಪ್ಪುತ್ತೇನೆ. ಇದನ್ನು ರೂಪಿಸಿದ ಟೋನಿ ಜೋರ್ಡನ್ ವರ್ಷಗಟ್ಟಲೆ ಬಿಬಿಸಿಯ ‘ಈಸ್ಟ್‌ಎಂಡರ್ಸ್’ ಧಾರಾವಾಹಿಗೆ ಬರೆದವನು. ಆದರೆ ಡಿಕನ್ಸ್ ಮಾತ್ರ ಯಾವ ಮಡಿಯವನು? ‘ಬ್ಲೀಕ್ ಹೌಸ್’ 1852-53ರಲ್ಲಿ ತಿಂಗಳಿಗೊಂದು ಕಂತಿನಂತೆ ಬಂದದ್ದು. ಓದುಗರನ್ನು ಮುಂದಿನ ತಿಂಗಳವರೆಗೆ ಕಾಯಿಸುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಿಬಿಸಿ ಇದನ್ನು 2015ರ ಡಿಸೆಂಬರ್ 26ರಂದು ಶುರು ಮಾಡಿತು. ಅರ್ಧರ್ಧ ಗಂಟೆಯ 20 ಕಂತು. ‘ಎ ಕ್ರಿಸ್‌ಮಸ್ ಕ್ಯಾರಲ್’ನ ಮೊದಲ ಸಾಲಿಗೇ ಜಿಪುಣ ಸ್ಕ್ರೂಜ್‌ನ ಪಾಲುದಾರ ಮಾರ್ಲಿ ಸತ್ತಿರುತ್ತಾನೆ, ನೆನಪಿದೆಯಾ? ಹೇಗೆ ಸತ್ತ ಎಂದು ಡಿಕನ್ಸ್ ಹೇಳುವುದಿಲ್ಲ. ಜೋರ್ಡನ್ ಆ ಸಂದಿಗೇ ಕೈ ಹಾಕಿ ಆ ಸಾವನ್ನು ಕೊಲೆಯಾಗಿಸಿದ್ದಾನೆ. ತನಿಖೆಗೆ ‘ಬ್ಲೀಕ್ ಹೌಸ್’ನ ಇನ್ಸ್‌ಪೆಕ್ಟರ್ ಬಕೆಟ್ ಬರುತ್ತಾನೆ, ಸ್ಟೀಫನ್ ರೇ ಅವನನ್ನು ಎಷ್ಟು ನಿಧಾನವಾಗಿ, ಎಷ್ಟು ಕಿಲಾಡಿಯಾಗಿ ಆಡಿದ್ದಾನೆಂದರೆ ಅನುಮಾನಿತರ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯೇನೋ ಅನ್ನಿಸಿತು.

ನನ್ನನ್ನು ಹಿಡಿದಿಟ್ಟದ್ದು ಕೊಲೆಯಲ್ಲ, ಹ್ಯಾವಿಶಮ್. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಅವಳಿಗೆ ಮೊದಲ ಹೆಸರೇ ಇಲ್ಲ. ಮಾಸಿದ ಮದುವೆಯ ಉಡುಪು, ಒಂದೇ ಕಾಲಿಗೆ ಪಾದರಕ್ಷೆ, ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗಲೇ ನಿಂತುಹೋದ ಗಡಿಯಾರಗಳು: ಮೊದಲು ನಮ್ಮ ಕಣ್ಣಿಗೆ ಬೀಳುವುದು ಅಷ್ಟೇ. ಇಲ್ಲಿ ಅವಳು ಅಮೀಲಿಯಾ. ತಂದೆ ತೀರಿಕೊಂಡ ಮೇಲೆ ಮದ್ಯದ ಕಾರ್ಖಾನೆಯನ್ನು ತಾನೇ ನಡೆಸಲು ಹೊರಟ ಚುರುಕು ಹುಡುಗಿ. ಪಾಲು ಕಡಿಮೆ ಸಿಕ್ಕಿತೆಂದು ಕುದಿಯುವ ಮಲತಮ್ಮ ಆರ್ಥರ್, ಅವನ ಜೊತೆ ಸೇರಿಕೊಂಡು ಪ್ರೀತಿಯ ನಾಟಕವಾಡುವ ಕಾಂಪೇಸನ್. ಅವಳು ಒಂದೊಂದು ಸಲ ಅವನನ್ನು ನಂಬಿದಾಗಲೂ, ಬೇಡ ಕಣೇ ಎಂದು ಕೂಗಬೇಕೆನಿಸುತ್ತದೆ. ಮದುವೆಯ ದಿನವೇ ಅವನು ಕೈಕೊಡುತ್ತಾನೆಂಬ ಕೊನೆ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಇಡೀ ಧಾರಾವಾಹಿಯ ಬಲ ಇರುವುದೇ ಅಲ್ಲಿ. ಅವಳ ಗೆಳತಿ ಹೊನೋರಿಯಾ ಮುಂದೆ ‘ಬ್ಲೀಕ್ ಹೌಸ್’ನ ದುರಂತ ಪಾತ್ರ ಲೇಡಿ ಡೆಡ್‌ಲಾಕ್ ಆಗುವವಳು ಎಂದು ತಿಳಿದು ನೋಡಿದರಂತೂ ಸಂಕಟ ಎರಡರಷ್ಟು. ಇಬ್ಬರೂ ಕೂತು ಹರಟುವ ದೃಶ್ಯವನ್ನು ಡಿಕನ್ಸ್ ಬರೆದಿಲ್ಲ. ಬರೆಯಬೇಕಿತ್ತು.

ಎಲ್ಲವೂ ಚೆನ್ನಾಗಿದೆ ಎನ್ನುವುದಿಲ್ಲ. ಮೊದಲ ಕಂತುಗಳಲ್ಲಿ ಯಾರು ಯಾರೆಂದು ತಿಳಿಯುವಷ್ಟರಲ್ಲಿ ತಲೆ ಗಿರ್ರೆನ್ನುತ್ತದೆ. ‘ಆಲಿವರ್ ಟ್ವಿಸ್ಟ್’ನ ಬಂಬಲ್ ದಂಪತಿಯ ಹಾಸ್ಯವನ್ನೂ ಜಗ್ಗಿದ್ದಾರೆ. ಎರಡನೆಯ ಸರಣಿ ಬರಲಿಲ್ಲ, 2016ರಲ್ಲೇ ಕೈಬಿಟ್ಟರು.

‘ಬ್ಲೀಕ್ ಹೌಸ್’ ನಿನ್ನ ಬಳಿ ಇದ್ದರೆ ಕಳುಹಿಸು, ಮತ್ತೊಮ್ಮೆ ಓದಬೇಕು. ಮಾರ್ಲಿಯನ್ನು ಕೊಂದವರು ಯಾರೆಂದು ಮಾತ್ರ ಕೇಳಬೇಡ, ನೋಡಿಯೇ ತಿಳಿದುಕೋ.

ನಿನ್ನ,
ಗೆಳೆಯ