ಮಂತ್ರಿಗಳೇ, ಪಿಚ್ಚರ್ ಟ್ಯೂಬ್ ಒಡೀದೆ ತಂದುಕೊಟ್ಟೋರಿಗೆ ದುಡ್ಡು ಕೊಡ್ಸಿ

ರಾಜ್ಯದ ಪರಿಸರ ಸಚಿವರಿಗೆ,

ಸಾರ್ ನಮಸ್ಕಾರ. ನಾನು ತುಮಕೂರಲ್ಲಿ ಟಿವಿ ರಿಪೇರಿ ಮಾಡ್ಕೊಂಡಿರೋನು, ಬಿಪಿಎಲ್ಲು ಒನಿಡಾ ವಿಡಿಯೋಕಾನ್ ಕಾಲದೋನು. ಈಗಿನ ಟಿವಿ ಪ್ಯಾನೆಲ್ ಹೋದ್ರೆ ಹೊಸದೇ ತಗೊಳ್ಳಿ ಅಂತ ಹೇಳಿ ಕಳ್ಸೋದೇ ಕೆಲಸ ಆಗಿದೆ, ಅದಕ್ಕೇ ಪತ್ರ ಬರೆಯೋಕೆ ಪುರುಸೊತ್ತು. ವಿಷಯ ಹಳೇ ಡಬ್ಬಾ ಟಿವಿಗಳದ್ದು, ಅದರೊಳಗಿನ ಸೀಸದ್ದು, ಲೆಡ್ ಅಂತಾರಲ್ಲ ಅದು.

ಇದರಲ್ಲಿ ಎರಡು ಪಾರ್ಟಿ ಇದೆ ಸಾರ್. ಒಬ್ರು ಅಟ್ಟದ ಮೇಲೆ ಹಳೇ ಟಿವಿ ಇದ್ರೆ ಮನೆಯೋರಿಗೆಲ್ಲಾ ವಿಷ ಏರತ್ತೆ ಅನ್ನೋ ಥರ ಹೆದರಿಸ್ತಾರೆ, ಅದು ಸುಳ್ಳು. ಇನ್ನೊಬ್ರು, ಇವರಲ್ಲಿ ಓದ್ಕೊಂಡೋರೇ ಜಾಸ್ತಿ, ಸೀಸ ಗಾಜಿನ ಜೊತೆ ಬೆರೆತು ಕೂತಿದೆ, ಗಾಜು ನೀರಲ್ಲಿ ಕರಗಲ್ಲ, ಸುಮ್ನೆ ಯಾಕೆ ಗಲಾಟೆ ಅಂತಾರೆ. ಟಿವಿ ಇಡಿಯಾಗಿ ಇರೋವರೆಗೂ ಇವರು ಹೇಳೋದು ಸರಿ. ಆಮೇಲಿನ ಕಥೆ ಬೇರೆ.

ಡಬ್ಬಾ ಟಿವಿಯಲ್ಲಿ ಚಿತ್ರ ಮೂಡಿಸೋ ದೊಡ್ಡ ಗಾಜಿನ ಬುರುಡೆನೇ ಪಿಚ್ಚರ್ ಟ್ಯೂಬ್. ಕಲರ್ ಟ್ಯೂಬಲ್ಲಿ ಮುಂದಿನ ಸ್ಕ್ರೀನಿನ ದಪ್ಪ ಗಾಜಲ್ಲಿ ಸೀಸ ಕಮ್ಮಿ, ಅಲ್ಲಿ ಹೆಚ್ಚಾಗಿ ಬೇರಿಯಂ, ಸ್ಟ್ರಾನ್ಷಿಯಂ. ಸೀಸ ಇರೋದು ಹಿಂದಿನ ಆಲಿಕೆ ಥರದ ಭಾಗದಲ್ಲಿ, ತೂಕದಲ್ಲಿ ಶೇಕಡಾ 20ರ ಮೇಲೆ ಲೆಡ್ ಆಕ್ಸೈಡ್, ಎಕ್ಸ್-ರೇ ಆಚೆ ಬರದಿರಲಿ ಅಂತ ಹಾಕಿದ್ದು. ಕತ್ತಿನ ಭಾಗದಲ್ಲಿ ಇನ್ನೂ ಜಾಸ್ತಿ, ಎರಡು ಗಾಜು ಸೇರಿಸೋ ಬೆಸುಗೆಯಲ್ಲಂತೂ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಲೆಡ್ ಆಕ್ಸೈಡೇ. ಸೈಜಿನ ಮೇಲೆ ಒಂದೊಂದು ಸೆಟ್ಟಲ್ಲಿ ಕೆಜಿಗಟ್ಟಲೆ ಇರತ್ತೆ. ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ 90 ಪಾಲು, ದಾಟಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲೇ ರೂಲ್ಸ್ ತಂದಿದೆ, ಈ ಗಾಜನ್ನ ಅದೇ ಲೆಕ್ಕದಲ್ಲಿ ಅಳೆದ್ರೆ ಲಕ್ಷ ಪಿಪಿಎಂ ಮೀರತ್ತೆ.

ಅಮೆರಿಕದ ಫ್ಲೋರಿಡಾ ಯೂನಿವರ್ಸಿಟಿಯೋರು ಒಂದಷ್ಟು ಪಿಚ್ಚರ್ ಟ್ಯೂಬ್ ಪುಡಿ ಮಾಡಿ ಆಸಿಡ್ ನೀರಲ್ಲಿ ಅಲ್ಲಾಡಿಸಿ ನೋಡಿ 2000ನೇ ಇಸವಿಯಲ್ಲಿ ರಿಪೋರ್ಟ್ ಕೊಟ್ರು. ಲೀಟರಿಗೆ ಸರಾಸರಿ 18.5 ಮಿಲಿಗ್ರಾಂ ಸೀಸ ಬಿಡ್ತು, ಅಲ್ಲಿನ ಮಿತಿ 5. ಅದಕ್ಕೆ ಗಲಾಟೆ ಬೇಡ ಅನ್ನೋರ ತಕರಾರು ಏನಂದ್ರೆ, ನಿಜವಾದ ಕಸದ ಗುಂಡಿಯಲ್ಲಿ ಯಾರು ಗಾಜನ್ನ ಚೂರು ಚೂರು ಮಾಡಿ ಆಸಿಡ್‌ನಲ್ಲಿ ನೆನೆಸ್ತಾರೆ, ಲ್ಯಾಬ್ ಟೆಸ್ಟೇ ಬೇರೆ ನೆಲವೇ ಬೇರೆ ಅಂತ.

ಅವರನ್ನ ನಮ್ಮೂರ ಗುಜರಿಗೆ ಕರ್ಕೊಂಡು ಬರಬೇಕು ಸಾರ್. ಇಲ್ಲಿ ಅದೇ ನಡಿಯೋದು. ಗುಜರಿ ಹುಡುಗ ಟಿವಿ ಬೆನ್ನು ಬಿಚ್ಚಿ, ಟ್ಯೂಬಿನ ಕತ್ತಿಗೆ ಸುತ್ತಿಗೆಯಲ್ಲಿ ಟಕ್ ಅಂತ ಕೊಡ್ತಾನೆ, ಒಳಗೆ ಗಾಳಿನೇ ಇಲ್ಲವಲ್ಲ, ಬುಸ್ ಅಂತ ಎಳ್ಕೊಳತ್ತೆ. ಕತ್ತು ಮುರಿದ್ಮೇಲೆ ಅದರ ಸುತ್ತ ಕೂತಿರೋ ಯೋಕ್ ಅನ್ನೋ ತಂತಿ ಸುರುಳಿ ಸಲೀಸಾಗಿ ಈಚೆ ಬರತ್ತೆ, ಅದರಲ್ಲಿ ಒಳ್ಳೇ ತಾಮ್ರ. ಟ್ಯೂಬಿನ ಸುತ್ತ ಇರೋ ಡಿಗಾಸ್ ಕಾಯಿಲ್ ಅನ್ನೋ ಇನ್ನೊಂದು ತಂತಿ ಸುರುಳಿ ಕಿತ್ಕೊತಾನೆ, ಬೋರ್ಡು ಬೇರೆ ಚೀಲಕ್ಕೆ, ಪ್ಲಾಸ್ಟಿಕ್ ಬೇರೆ. ಉಳಿಯೋದು ಗಾಜು, ಅದನ್ನ ಯಾರೂ ಮೂಸಲ್ಲ. ಜಾಗ ಕಮ್ಮಿ ಹಿಡೀಲಿ ಅಂತ ಇನ್ನೆರಡು ಏಟು ಹಾಕಿ, ಗೋಣಿಚೀಲಕ್ಕೆ ತುಂಬಿ, ಕತ್ತಲಾದ್ಮೇಲೆ ರಾಜಕಾಲುವೆಗೋ ಖಾಲಿ ಸೈಟಿಗೋ ಸುರಿದು ಬರ್ತಾರೆ. ಮೇಲಿಂದ ಕೊಳೆತ ತರಕಾರಿ, ಹೋಟೆಲ್ ಎಂಜಲು ಬೀಳತ್ತೆ, ಹುಳಿ ಬಂದ ನೀರು ಅದರಲ್ಲೇ ಇಳಿಯತ್ತೆ. ಪುಡಿಯೂ ಆಯ್ತು ಆಸಿಡ್ಡೂ ಆಯ್ತು, ಲ್ಯಾಬೇ ಬೇಕಾಗಿಲ್ಲ. ಒಡೆಯೋವಾಗ ಏಳೋ ಧೂಳು ಮೊದಲು ಹೋಗೋದು ಆ ಹುಡುಗನ ಮೂಗಿಗೆ, ಆಮೇಲೆ ಅವನ ಬಟ್ಟೆ ಜೊತೆ ಅವನ ಮನೆಗೆ. ಸೀಸ ಇಷ್ಟರೊಳಗಿದ್ರೆ ಪರವಾಗಿಲ್ಲ ಅನ್ನೋ ಲೆವೆಲ್ಲೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಮಕ್ಕಳ ಮೈ ದೊಡ್ಡೋರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರ್ಕೊಳತ್ತಂತೆ. ಸೀಸದ ವಿಷಕ್ಕೆ ದೇಶಕ್ಕೇ ಒಂದು ರೆಫರಲ್ ಸೆಂಟರ್ ಶುರುವಾಗಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೇ, ಗುಜರಿ ಹುಡುಗ್ರಿಗೆ ರಕ್ತ ಪರೀಕ್ಷೆ ಮಾಡ್ಸಬೇಕು ಅಂದ್ರೆ ದಾರಿ ತೋರಿಸೋರು ದೂರ ಇಲ್ಲ.

ಇ-ವೇಸ್ಟಿಗೆ, ಅಂದ್ರೆ ಎಲೆಕ್ಟ್ರಾನಿಕ್ ಕಸಕ್ಕೆ, ರೂಲ್ಸ್ ಇಲ್ಲ ಅಂತ ನಾನು ಹೇಳ್ತಿಲ್ಲ. 2011ರಲ್ಲಿ ಬಂತು, 2016ರಲ್ಲಿ ಬಂತು, ಈಗಿರೋದು 2022ರದ್ದು, 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಟಿವಿ ಥರದ ಸಾಮಾನು ಮಾಡೋ ಕಂಪನಿಗಳು, ಇಷ್ಟು ಹಳೇದು ಮರುಬಳಕೆ ಆಯ್ತು ಅನ್ನೋದಕ್ಕೆ ಮರುಬಳಕೆ ಮಾಡೋರ ಹತ್ರ ಸರ್ಟಿಫಿಕೇಟ್ ಕೊಂಡ್ಕೊಬೇಕು, ಸರ್ಟಿಫಿಕೇಟ್ ಸಿಗೋದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಕ್ಕೆ. ಅಲ್ಲಾ ಸಾರ್, ಇವು ನಾಲ್ಕನ್ನೂ ಗುಜರಿಯೋರು ಯಾವ ಕಾನೂನೂ ಇಲ್ದೆ ಮೊದಲಿಂದ ಆರಿಸ್ತಾನೇ ಇದ್ದಾರಲ್ಲ! ಯಾರಿಗೂ ಬೇಡದ ಸೀಸದ ಗಾಜಿಗೆ ಸರ್ಟಿಫಿಕೇಟ್ ಇಲ್ಲ. ಲೈಸೆನ್ಸ್ ಇರೋ ಫ್ಯಾಕ್ಟರಿಗೂ ಅದು ಖರ್ಚಿನ ಬಾಬ್ತೇ. ಮುಂಚೆ ಹಳೇ ಟ್ಯೂಬಿನ ಗಾಜನ್ನ ಕರಗಿಸಿ ಹೊಸ ಟ್ಯೂಬ್ ಮಾಡ್ತಿದ್ರು, ಗುಜರಾತಿನ ಭರೂಚ್‌ನ ವಿಡಿಯೋಕಾನ್ ಫ್ಯಾಕ್ಟರಿಗೆ ಅಮೆರಿಕದಿಂದಲೂ ಗಾಜು ಬರ್ತಿತ್ತು, ಈಗ ಟ್ಯೂಬ್ ಟಿವಿ ಮಾಡೋರೇ ಇಲ್ಲ. ಅಮೆರಿಕದೋರಿಗೂ ಇದು ಬಗೆಹರಿದಿಲ್ಲ, ಓಹಾಯೋದ ಕೊಲಂಬಸ್‌ನಲ್ಲಿ ಒಂದು ಕಂಪನಿ ಸಾವಿರಾರು ಟನ್ ಗಾಜು ಗೋಡೌನಲ್ಲಿ ಬಿಟ್ಟು ಬಾಗಿಲು ಹಾಕ್ಕೊಂಡು ಹೋಯ್ತು.

ಅದಕ್ಕೇ ಕೇಳ್ತಿರೋದು. ಗುಜರಿಯೋರ ಮೇಲೆ ರೈಡ್ ಮಾಡ್ಸಬೇಡಿ, ಮಾಡಿದ್ರೆ ಒಡೆಯೋ ಜಾಗ ಬದಲಾಗತ್ತೆ ಅಷ್ಟೇ. ಕತ್ತು ಮುರೀದ ಟ್ಯೂಬ್ ತಂದುಕೊಟ್ರೆ ಇಂತಿಷ್ಟು ಅಂತ ರೇಟ್ ಫಿಕ್ಸ್ ಮಾಡಿ. ಯೋಕ್‌ನ ತಾಮ್ರ ಅವನೇ ಇಟ್ಕೊಳ್ಳಲಿ, ಕ್ಲಾಂಪ್ ಸ್ಕ್ರೂ ಸಡಿಲ ಮಾಡಿ, ಕತ್ತಿನ ಸಾಕೆಟ್ ಬೋರ್ಡ್ ಎಳೆದ್ರೆ ಟ್ಯೂಬ್ ಒಡೀದೇನೇ ಯೋಕ್ ಬರತ್ತೆ, ನಮ್ಮಂಥ ಮೆಕ್ಯಾನಿಕ್‌ಗಳು ದಿನಾ ಮಾಡಿದ ಕೆಲಸ, ಬೇಕಾದ್ರೆ ನಾನೇ ಬಂದು ಹೇಳ್ಕೊಡ್ತೀನಿ, ಸಂಬಳ ಬೇಡ. ಟ್ಯೂಬ್‌ಗಳನ್ನ ಒಣ ಕಸದ ಸೆಂಟರಲ್ಲಿ ಮಳೆ ಬೀಳದ ಕಡೆ ಜೋಡಿಸಿಡಿ, ಅಲ್ಲಿಂದ ಲೈಸೆನ್ಸ್ ಇರೋ ಕಡೆಗೆ ಸಾಗಿಸಿ. ದುಡ್ಡು ಕಂಪನಿಗಳಿಂದ ವಸೂಲಾಗಲಿ, ಗಾಜಿಗೂ ಸರ್ಟಿಫಿಕೇಟ್ ಬೇಕು ಅಂತ ನೀವು ದೆಹಲಿಗೆ ಒಂದು ಪತ್ರ ಹಾಕಿ.

ಆಯುಧಪೂಜೆಗೆ, ದೀಪಾವಳಿಗೆ ಮನೆ ಕ್ಲೀನ್ ಮಾಡೋವಾಗಲೇ ಅಟ್ಟದಿಂದ ಈ ಡಬ್ಬಾಗಳು ಕೆಳಗಿಳಿಯೋದು. ಆರ್ಡರ್ ಹೊರಡಿಸೋದಾದ್ರೆ ಹಬ್ಬಕ್ಕೆ ಮುಂಚೆನೇ ಹೊರಡಿಸಿ.

ಇಂತಿ ನಿಮ್ಮ,
ಹಳೇ ಟಿವಿ ರಿಪೇರಿಯೋನು, ತುಮಕೂರು