ನಮ್ಮ ಲೋಡ್ ಟೆಸ್ಟ್ ರಿಪೋರ್ಟ್‌ನಲ್ಲಿ ಇನ್ನು ಮುಂದೆ ಎರಡು ಅಳತೆ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಲೋಡ್ ಟೆಸ್ಟ್ ರಿಪೋರ್ಟ್ ಬದಲಾಗುತ್ತಿದೆ. ಈವರೆಗೆ ಮೊದಲ ಪುಟದಲ್ಲಿ ಒಂದೇ ಅಂಕಿ ಇರುತ್ತಿತ್ತು: ನಿಮ್ಮ ಆ್ಯಪ್ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ರಿಕ್ವೆಸ್ಟ್ ತಡೆದುಕೊಳ್ಳುತ್ತದೆ ಅನ್ನೋದು. ಇನ್ನು ಮುಂದೆ ಸ್ಕೇಲಬಿಲಿಟಿಯನ್ನೂ ಎಲಾಸ್ಟಿಸಿಟಿಯನ್ನೂ ಬೇರೆ ಬೇರೆಯಾಗಿ ಅಳೆದು ಕೊಡುತ್ತೇವೆ.

ನಾಲ್ಕು ಸರ್ವರ್ ಇದ್ದಲ್ಲಿ ಎಂಟು ಹಾಕಿದರೆ ಕೆಲಸವೂ ಎರಡರಷ್ಟು ಆಗುತ್ತದಾ? ಇದು ಸ್ಕೇಲಬಿಲಿಟಿಯ ಪ್ರಶ್ನೆ. ಸಾಮಾನ್ಯವಾಗಿ ಅಷ್ಟು ಆಗುವುದಿಲ್ಲ. ಎಲ್ಲ ಸರ್ವರ್‌ಗಳೂ ಒಂದೇ ಡೇಟಾಬೇಸ್‌ಗೆ ಕಾಯುತ್ತಿದ್ದರೆ ಇನ್ನೊಂದು ಸೇರಿಸಿ ಲಾಭವಿಲ್ಲ. ಆಮ್ಡಾಲ್ ನಿಯಮದ ಲೆಕ್ಕ ನೋಡಿ: ಹಂಚಿಕೊಳ್ಳಲಾಗದ ಕೆಲಸ ನೂರಕ್ಕೆ 5 ಭಾಗ ಇದ್ದರೂ ಸಾಕು, ಎಷ್ಟೇ ಪ್ರೊಸೆಸರ್ ಹಾಕಿದರೂ ವೇಗ 20 ಪಟ್ಟು ದಾಟುವುದಿಲ್ಲ.

ಸ್ಕೇಲಬಿಲಿಟಿ ಪರೀಕ್ಷೆಯಲ್ಲಿ ಸರ್ವರ್‌ಗಳು ಮೊದಲೇ ಸಿದ್ಧವಾಗಿ ನಿಂತಿರುತ್ತವೆ. ನಿಜವಾದ ದಿನ ಹಾಗಿರುವುದಿಲ್ಲ, ಅಲ್ವಾ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಿಟ್ಟ ನಿಮಿಷಕ್ಕೇ ಜನ ಮುಗಿಬೀಳುತ್ತಾರೆ. ಆಗ ಬೇಕಾದ ಸರ್ವರ್ ಹತ್ತು ನಿಮಿಷ ಬಿಟ್ಟು ಬಂದರೆ ಅಷ್ಟು ಹೊತ್ತಿಗೆ ಸೈಟ್ ಕುಸಿದಿರುತ್ತದೆ. ಬೇಡಿಕೆ ಏರಿದಾಗ, ಇಳಿದಾಗ ವ್ಯವಸ್ಥೆ ತಾನಾಗಿಯೇ ಎಷ್ಟು ಬೇಗ, ಎಷ್ಟು ಸರಿಯಾಗಿ ಹೊಂದಿಕೊಳ್ಳುತ್ತದೆ ಅನ್ನೋದೇ ಎಲಾಸ್ಟಿಸಿಟಿ. ಜರ್ಮನಿಯ ಸಂಶೋಧಕರಾದ ಹರ್ಬ್ಸ್ಟ್, ಕೌನೆವ್, ರಾಯ್ಸ್‌ನರ್ 2013ರಲ್ಲೇ ಈ ವ್ಯತ್ಯಾಸವನ್ನು ಬಿಡಿಸಿ ಬರೆದಿದ್ದಾರೆ. ಕಂಪ್ಯೂಟರ್‌ಗಳ ಸಾಮರ್ಥ್ಯ ಅಳೆಯುವ ಪರೀಕ್ಷೆಗಳನ್ನು ರೂಪಿಸುವ ಸ್ಪೆಕ್ ಸಂಸ್ಥೆಯ 2016ರ ಕ್ಲೌಡ್ ಬೆಂಚ್‌ಮಾರ್ಕ್ ಕೂಡ ಎರಡಕ್ಕೂ ಬೇರೆ ಅಂಕ ಕೊಟ್ಟಿತ್ತು.

ಹೊಸ ರಿಪೋರ್ಟ್‌ನ ಗ್ರಾಫ್‌ನಲ್ಲಿ ಎರಡು ಗೆರೆ ಇರುತ್ತವೆ. ಆ ಹೊತ್ತಿಗೆ ಎಷ್ಟು ಸರ್ವರ್ ಬೇಕಿತ್ತು ಅನ್ನೋದು ಒಂದು. ಎಷ್ಟು ಇದ್ದವು ಅನ್ನೋದು ಇನ್ನೊಂದು. ಕಡಿಮೆ ಬಿದ್ದ ಹೊತ್ತಿನಲ್ಲಿ ನಿಮ್ಮ ಬಳಕೆದಾರರು ಕಾಯುತ್ತಾರೆ. ಜಾಸ್ತಿ ಇದ್ದ ಹೊತ್ತಿನಲ್ಲಿ ನಿಮ್ಮ ದುಡ್ಡು ಸುಮ್ನೆ ಹೋಗುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಬೇರೆಯಾಗಿಯೇ ತೋರಿಸುತ್ತೇವೆ.

ಒಂದು ವಿಷಯದಲ್ಲಿ ನಾವು ಬಿಗಿಯಾಗಿರುತ್ತೇವೆ. ಕ್ಲೌಡ್‌ನ ಕನ್ಸೋಲ್‌ನಲ್ಲಿ (ನಿಯಂತ್ರಣ ಪರದೆಯಲ್ಲಿ) 'ರನ್ನಿಂಗ್' ಅಂತ ಬಂದ ಕೂಡಲೇ ಸರ್ವರ್ ಸಿದ್ಧ ಎಂದು ಬರೆದುಕೊಳ್ಳುವುದಿಲ್ಲ. ಅದು ಮೊದಲ ರಿಕ್ವೆಸ್ಟ್‌ಗೆ ಸರಿಯಾದ ಉತ್ತರ ಕೊಟ್ಟ ಗಳಿಗೆಯವರೆಗೂ ಗಡಿಯಾರ ಓಡುತ್ತಲೇ ಇರುತ್ತದೆ. ಇಮೇಜ್ (ಆ್ಯಪ್‌ನ ಸಿದ್ಧ ಪ್ಯಾಕ್) ಡೌನ್‌ಲೋಡ್ ಆಗುವುದು, ಆ್ಯಪ್ ಏಳುವುದು, ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಡುವ ತಾತ್ಕಾಲಿಕ ಜಾಗ) ತುಂಬುವುದು ಎಲ್ಲವೂ ಈ ಸಮಯದಲ್ಲೇ ಸೇರಿರುತ್ತದೆ. ಬಳಕೆದಾರರು ಕಾಯುವುದು ಇದಕ್ಕೇ.

ಬೇಡಿಕೆ ಇಳಿಯುವ ದಾರಿಯನ್ನೂ ಅಳೆಯುತ್ತೇವೆ. ಕುಬರ್ನೆಟಿಸ್ ಅನ್ನೋದು ಆ್ಯಪ್‌ಗಳನ್ನು ಹಲವು ಸರ್ವರ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್. ಅದರ ಆಟೋಸ್ಕೇಲರ್ (ಬೇಡಿಕೆಗೆ ತಕ್ಕಂತೆ ಎಣಿಕೆಯನ್ನು ತಾನಾಗಿಯೇ ಏರಿಸಿ ಇಳಿಸುವ ಸಾಧನ) ನೀವೇನೂ ಬದಲಿಸದಿದ್ದರೆ 15 ಸೆಕೆಂಡಿಗೊಮ್ಮೆ ಲೋಡ್ ನೋಡುತ್ತದೆ. ಆದರೆ ಪಾಡ್‌ಗಳನ್ನು (ಓಡುತ್ತಿರುವ ಆ್ಯಪ್‌ನ ಪ್ರತಿಗಳನ್ನು) ಕಡಿಮೆ ಮಾಡುವ ಮುಂಚೆ ಹಿಂದಿನ 5 ನಿಮಿಷವನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ. ಆ ಎಚ್ಚರಿಕೆ ಒಳ್ಳೆಯದೇ. ಆದರೆ ಅದರ ಖರ್ಚು ಎಷ್ಟು ಅಂತ ನಿಮಗೆ ಗೊತ್ತಿರಬೇಕು.

ದರದ ವಿಷಯ: ಸ್ಕೇಲಬಿಲಿಟಿ ಪರೀಕ್ಷೆಯ ಶುಲ್ಕ ಈಗಿರುವಷ್ಟೇ. ಎಲಾಸ್ಟಿಸಿಟಿ ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ, ಒಂದೇ ಓಟದ ಫಲಿತಾಂಶ ನಂಬುವ ಹಾಗಿಲ್ಲ, ಮತ್ತೆ ಮತ್ತೆ ಓಡಿಸಬೇಕು. ಅದರ ಕ್ಲೌಡ್ ಬಾಡಿಗೆಯನ್ನು ಬಂದಷ್ಟೇ ಬಿಲ್ ಮಾಡುತ್ತೇವೆ, ಅದರ ಮೇಲೆ ಲಾಭ ಇಟ್ಟುಕೊಳ್ಳುವುದಿಲ್ಲ. ಹಳೆಯ ರಿಪೋರ್ಟ್‌ನ ಅಂಕಿಯನ್ನು ಹೊಸದರ ಸ್ಕೇಲಬಿಲಿಟಿ ಭಾಗದ ಜೊತೆ ಮಾತ್ರ ಹೋಲಿಸಿ.

ಪರೀಕ್ಷೆಗೆ ಮುಂಚೆ ನಿಮ್ಮ ಹೋದ ಸೀಸನ್ನಿನ ಟ್ರಾಫಿಕ್ ಲಾಗ್ ಮತ್ತು ಕ್ಲೌಡ್ ಖಾತೆಯ ಸರ್ವರ್ ಮಿತಿ ನಮಗೆ ಕಳಿಸಿ. ಮಿತಿ 20 ಇದ್ದರೆ ಆಟೋಸ್ಕೇಲರ್ 21ನೆಯದನ್ನು ಕೇಳಿದರೂ ಸಿಗುವುದಿಲ್ಲ. ಅದನ್ನು ಏರಿಸಲು ಕೆಲವೊಮ್ಮೆ ದಿನಗಟ್ಟಲೆ ಬೇಕಾಗುತ್ತದೆ, ಹಾಗಾಗಿ ಅರ್ಜಿ ಈಗಲೇ ಹಾಕಿಡಿ.

ಇಂತಿ,
ನಿಮ್ಮ ಟೆಸ್ಟಿಂಗ್ ತಂಡ